ನನ್ನ ದೇಹಶುದ್ಧಿ, ಅತ್ತೆಯ ಪಥ್ಯ

ನವನಗರದ ನಮ್ಮ ಹೊಸ ಮನೆಗೆ ಬಣ್ಣ ಬಳಿಯುತ್ತಿದ್ದಾಗ ನನಗೊಂದು ಮಹಾನ್ ಯೋಚನೆ ಹೊಳೆಯಿತು. ಗೃಹಪ್ರವೇಶದ ಹೊತ್ತಿಗೆ ಮನೆಯಷ್ಟೇ ಅಲ್ಲ, ಮನೆಯ ಯಜಮಾನನೂ ಒಳಗಿನಿಂದ ಲಕಲಕ ಹೊಳೆಯಬೇಕು! ಹೈಸ್ಕೂಲಿನ ವಿಜ್ಞಾನದ ಮಾಸ್ತರ ನಾನು. ಹೊಟ್ಟೆ ಸೇರುವ ಬಣ್ಣ, ಔಷಧ, ಕೀಟನಾಶಕಗಳ ಸಂಗತಿ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ದೇಹಶುದ್ಧಿ ಗುಳಿಗೆಯ ಡಬ್ಬಿ ಕೊಂಡು ತಂದು ಅಂದೇ ನುಂಗತೊಡಗಿದೆ. ಶುದ್ಧನಾದ ಮೇಲೆ ಗೃಹಪ್ರವೇಶದ ಹೋಳಿಗೆಯನ್ನು ಮನಸಾರೆ ತಿನ್ನುವುದು ನನ್ನ ಯೋಜನೆ.

"ಮೊದಲ ಆ ಮಿರ್ಚಿ ಭಜಿ ಬಿಡ್ರಿ," ಎಂದಳು ನನ್ನ ಹೆಂಡತಿ ಜಯಾ.

"ನಿನಗ ವಿಜ್ಞಾನ ತಿಳಿಯೂದಿಲ್ಲ."

ಮರುದಿನ ಬಚ್ಚಲಿನಿಂದ ದಿಗ್ವಿಜಯ ಮಾಡಿ ಹೊರಬಂದೆ. ಮೂತ್ರ ಅಚ್ಚ ಹಳದಿ!

"ಜಯಾ, ವಿಷ ಹೊರಗ ಬರಾಕತ್ತೈತಿ."

"ಬರ್ಲಿ ಬಿಡ್ರಿ. ಓಣಿಗೆಲ್ಲಾ ಕೇಳೂ ಹಂಗ ಒದರಬ್ಯಾಡ್ರಿ."

ಓಣಿಗೆ ಕೇಳಿಸಲಿಲ್ಲ, ಅತ್ತೆಗೆ ಕೇಳಿಸಿತು. ಗೃಹಪ್ರವೇಶಕ್ಕೆಂದು ಸುಳ್ಳ ಎಂಬ ಊರಿನಿಂದ ಬಂದಿದ್ದ ಈರವ್ವನವರು ಹೋಳಿಗೆಯ ಬೇಳೆ ಆರಿಸುವುದನ್ನು ಬಿಟ್ಟು ಎದ್ದು ಬಂದರು.

"ಅಳಿಯಂದ್ರ, ಹಳದಿ ಅಂದ್ರ ಕಾಮಣಿ, ಕಾಮಾಲಿ ರೋಗ ಆತು. ನಮ್ಮೂರ ಮೈಲಾರಪ್ಪ ಗಿಡಮೂಲಿಕಿ ಔಷಧಿ ಕೊಡ್ತಾನ. ತಗೊಂಡ ಮ್ಯಾಲ ಕಡಕ್ ಪಥ್ಯ. ಉಪ್ಪಿಲ್ಲ, ಎಣ್ಣಿಲ್ಲ, ಬೆಲ್ಲಿಲ್ಲ. ಬರೇ ಮಜ್ಜಿಗಿ ಅನ್ನ."

ನಕ್ಕುಬಿಟ್ಟೆ. ನಕ್ಕವನು ಸುಮ್ಮನಿರದೆ ಕನ್ನಡಿ ನೋಡಿಕೊಂಡೆ. ಮುಖ ಹಳದಿ, ಕಣ್ಣೂ ಹಳದಿ! ಎದುರಿನ ಗೋಡೆಗೆ ಆಗಷ್ಟೇ ಹಳದಿ ಬಣ್ಣ ಬಳಿದಿದ್ದರೆಂಬುದು ವಿಜ್ಞಾನದ ಮಾಸ್ತರನ ತಲೆಗೆ ಹೋಗಲಿಲ್ಲ. ಸಂಜೆ ಮೈಲಾರಪ್ಪನ ಸೊಪ್ಪಿನ ರಸ ಬಂದಾಗ ಮೂಗು ಹಿಡಿದು ನುಂಗಿದೆ. ಎರಡೂ ಕೂಡಿ ಕೆಲಸ ಮಾಡಲಿ ಎಂದು ಗುಳಿಗೆಯನ್ನೂ ಬಿಡಲಿಲ್ಲ.

ಗೃಹಪ್ರವೇಶದ ಪಂಕ್ತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ, ಈಗ ಡಾಕ್ಟರಾಗಿರುವ ವಿಶಾಲ ಪಕ್ಕದಲ್ಲೇ ಕುಳಿತ. ನನ್ನ ಎಲೆಯ ಮೇಲಿನ ಮಜ್ಜಿಗೆ ಅನ್ನ ಕಂಡು ಕಾರಣ ಕೇಳಿದ. ಕಣ್ಣಿನ ರೆಪ್ಪೆ ಎಳೆದು ನೋಡಿದ. ಗುಳಿಗೆಯ ಡಬ್ಬಿ ತರಿಸಿ ಓದಿದ.

"ಸರ್, ಕಾಮಣಿ ಎಲ್ಲೂ ಕಾಣಂಗಿಲ್ಲ. ಈ ಗುಳಿಗ್ಯಾಗ ಇರೂದು ಬಿ ವಿಟಮಿನ್. ಹೆಚ್ಚಾದದ್ದನ್ನ ಕಿಡ್ನಿ ಹೊರಗ ಹಾಕ್ಯಾವ, ಅದಕ್ಕ ಹಳದಿ. ಬ್ಯಾಡಾದ್ದನ್ನ ಲಿವರ್ ಹದ ಮಾಡಿ ಕೊಡ್ತೈತಿ, ಕಿಡ್ನಿ ಹೊರಗ ಹಾಕ್ತಾವ, ಯಾರೂ ಹೇಳಬೇಕಾಗಿಲ್ಲ ಅಂತ ಒಂಬತ್ತನೇ ಕ್ಲಾಸಿನ್ಯಾಗ ನೀವೇ ಕಲಿಸಿದ್ರಿ."

ಅಂದು ಅದನ್ನು ಹೇಳಲು ಬಾರದೆ ಬೆಂಚಿನ ಮೇಲೆ ನಿಂತವನೂ ಇವನೇ. ಇರಲಿ, ನಾಚಿಕೆ ಆಮೇಲೆ, ಹೋಳಿಗೆ ಮೊದಲು!

"ಹಂಗಾರ ನನಗೂ ಹೋಳಿಗಿ ಹಾಕು," ಎಂದೆ. ಜಯಾ ಬಡಿಸಿದಳು. ತುಪ್ಪ ಬೀಳುವ ಮೊದಲೇ ಅತ್ತೆ ಬಂದು ಅದನ್ನು ಎತ್ತಿ ವಿಶಾಲನ ಎಲೆಗೆ ಹಾಕಿದರು.

"ಔಷಧಿ ತಗೊಂಡೀರಿ. ಪಥ್ಯ ಮುರಿಯಾಕ ಬರೂದಿಲ್ಲ."

"ಅತ್ತಿಯವರ, ನನಗ ರೋಗಾನ ಇಲ್ರಿ."

"ರೋಗ ಇಲ್ಲದಿದ್ರ ಏನಾತು? ಔಷಧಿ ಒಳಗ ಐತೆಲ್ಲ?"

ದೀನನಾಗಿ ಹೆಂಡತಿಯ ಮುಖ ನೋಡಿದೆ. ಅವಳು ವಿಶಾಲನ ಹೋಳಿಗೆಗೆ ಧಾರಾಳವಾಗಿ ತುಪ್ಪ ಸುರಿದು, ನನ್ನ ಕಡೆ ಬಾಗಿ ಹೇಳಿದಳು:

"ನಿಮ್ಮ ಲಿವರ್‌ಗೆ ರಜಾ ಕೊಡ್ರಿ. ಬ್ಯಾಡಾದ್ದನ್ನ ಹೊರಗ ಹಾಕಾಕ, ಪಥ್ಯ ಮುಗಿಯೂ ಮಟಾ ನಮ್ಮವ್ವ ಇಲ್ಲೇ ಇರತಾಳಂತ."