ಒಣ ಕೊಳಾಯಿಯ ಆರ್ಥಿಕ ವರ್ಷ

ಹಲಸೂರಿನ ನಮ್ಮ ಗಲ್ಲಿಗೆ ನೀರು ಕೊಡಬೇಕಾದ ಕಚೇರಿ ಕೊಡಲಿಲ್ಲ. ಕೇಳಿದಾಗಲೆಲ್ಲ ‘ಆರ್ಥಿಕ ವರ್ಷ’ ಎಂದಿತು. ನಮ್ಮ ವರ್ಷ ಯುಗಾದಿಗೆ, ಅಂಗಡಿ ಸೇಟುವಿನದು ದೀಪಾವಳಿಗೆ. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟಿ ಮಾರ್ಚ್ ಮೂವತ್ತೊಂದಕ್ಕೆ ಸಾಯುತ್ತದೆ. ಅಷ್ಟರಲ್ಲಿ ಖರ್ಚಾಗದ ದುಡ್ಡು ವಾಪಸು. ಅರವತ್ತರ ದಶಕದ ಕೊನೆಗೆ ನಮ್ಮ ಹೆಂಗಸರು ಕೆರೆಯಾಚೆಯಿಂದ ನೀರು ಹೊರುತ್ತಿದ್ದಾಗ ಈ ಲೆಕ್ಕದ ವರ್ಷ ನಮ್ಮನ್ನು ಆಡಿಸಿದ್ದು ಒಂದೆರಡು ಸಲವಲ್ಲ.

ಹೋಗಬೇಕಾದ ತಿಂಗಳು

ಏಪ್ರಿಲ್‌ನಲ್ಲಿ ನಾನೂ ಪಕ್ಕದ ಮನೆಯ ಜಟಕಾ ಸಾಬರೂ ಕೊಳಾಯಿ ಕೇಳಲು ಹೋದೆವು.

"ವರ್ಷ ಈಗ ತಾನೇ ಶುರುವಾಗಿದೆ ಕಣ್ರೀ, ದುಡ್ಡು ಬಂದಿಲ್ಲ" ಎಂದ ಗುಮಾಸ್ತ.

ಜನವರಿಯಲ್ಲಿ ಹೋದೆವು. "ಈಗ ಬರ್ತೀರಲ್ಲ, ವರ್ಷ ಮುಗೀತಾ ಬಂತು."

"ನಡುವೆ ಬಂದ್ರೆ ಆಗುತ್ತಾ ಸಾಬ್?" ಎಂದರು ಸಾಬರು.

"ನಡುವೆ ನಾವು ಮುಂದಿನ ವರ್ಷದ ಬಜೆಟ್ ಮಾಡ್ತಿರ್ತೀವಿ."

ಉಳಿದ ದುಡ್ಡು

ಮಾರ್ಚ್ ಕೊನೆಗೆ ಗಲ್ಲಿಗೆ ಲಾರಿ ಬಂತು. ಹೆಂಗಸರು ಬಿಂದಿಗೆ ಹಿಡಿದು ಓಡಿದರು. ಇಳಿದದ್ದು ಸುಣ್ಣದ ಮೂಟೆ. ಮೂಲೆಯಲ್ಲಿ ಕುದುರೆಗಳಿಗೆಂದು ಕಟ್ಟಿದ್ದ, ನೀರು ಕಾಣದ ಕಲ್ಲುತೊಟ್ಟಿಗೆ ಎರಡು ಕೋಟು ಬಳಿದರು.

"ನೀರು?" ಎಂದೆ.

"ನೀರಿನ ದುಡ್ಡು ಬೇರೆ. ಸುಣ್ಣದ ದುಡ್ಡು ಉಳಿದಿತ್ತು, ನಾಳೆಯೊಳಗೆ ಮುಗಿಸ್ಬೇಕು" ಎಂದ ಮೇಸ್ತ್ರಿ.

ಸಾಬರು ತಮ್ಮ ಜಟಕಾದ ಕುದುರೆಯ ಬೆನ್ನು ತಟ್ಟಿದರು. "ಇದಕ್ಕೂ ಒಂದು ಕೋಟು ಹೊಡೀರಿ. ದುಡ್ಡು ವಾಪಸು ಹೋಗೋದು ಬೇಡ."

ಮೇಸ್ತ್ರಿ ಒಂದು ಕ್ಷಣ ಕುದುರೆಯನ್ನು ಅಳತೆ ಮಾಡುವವನ ಹಾಗೆ ನೋಡಿದ.

ಕೊಳಾಯಿ ಬಂತು

ಮರುವರ್ಷದ ಮಾರ್ಚ್ ಮೂವತ್ತೊಂದಕ್ಕೆ ಕೊಳಾಯಿಯೇ ಬಂತು. ಸಿಮೆಂಟು ಕಂಬ, ಹಿತ್ತಾಳೆ ನಲ್ಲಿ, ಮೇಲೆ ಚೆಂಡುಹೂವಿನ ಹಾರ. ಇಂಜಿನಿಯರು ಸುಡುಬಿಸಿಲಲ್ಲಿ ಭಾಷಣ ಮಾಡಿ ನಲ್ಲಿ ತಿರುಗಿಸಿದರು. ಒಂದು ಜಿರಲೆ ಹೊರಬಂತು.

"ಪೈಪೇ ಹಾಕಿಲ್ಲವಲ್ಲ ಸ್ವಾಮಿ" ಎಂದೆ.

"ನಲ್ಲಿ ಈ ವರ್ಷದ ಕೆಲಸ ರೀ. ಪೈಪು ಮುಂದಿನ ವರ್ಷದ್ದು" ಎಂದರು ಅವರು, ಬೆವರು ಒರೆಸಿಕೊಳ್ಳುತ್ತ. "ಯಾರಾದ್ರೂ ಸ್ವಲ್ಪ ಕುಡಿಯೋಕೆ ನೀರು ಕೊಡ್ತೀರಾ?"

ಕೊನೆಮನೆಯ ತಮಿಳು ಅಜ್ಜಿ ಒಳಗೆ ಹೋಗಿ ಫಳಫಳ ತಿಕ್ಕಿದ ಲೋಟ ತಂದು ಅವರ ಕೈಗಿಟ್ಟಳು. ಅವರು ಎತ್ತಿ ಬಾಯಿಗೆ ಬಗ್ಗಿಸಿದರು. ಖಾಲಿ.

"ಲೋಟ ಈ ವರ್ಷದ್ದು ಸಾಮಿ" ಎಂದಳು ಅಜ್ಜಿ.

ಪೈಪು ಇವತ್ತಿಗೂ ಬಂದಿಲ್ಲ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಕಂಬ ನಿಂತಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. ಬೀದಿಯವರನ್ನೆಲ್ಲ ಕರೆದುಕೊಂಡು ಆ ಕಚೇರಿಗೆ ಹೋಗಿ. ನೆಲ ಅಗೆಯುವವರು ನಿಮ್ಮ ಜೊತೆ ಹೊರಡುವವರೆಗೆ ಬಾಗಿಲು ಬಿಟ್ಟು ಏಳಬೇಡಿ.