ಕಾಂಪೌಂಡರ್ ಕಟ್ಟಿದ ಬಾಂಬರ್

ಮೊದಲ ತಪ್ಪು ಜೇಡದ್ದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಲೆ ಕಟ್ಟಲು ಅದಕ್ಕೆ ಬೇಕಾದಷ್ಟು ಮೂಲೆಗಳಿದ್ದವು. ಅವನ್ನೆಲ್ಲ ಬಿಟ್ಟು, ರೋಗಿಗಳು ಕೂರುವ ಕೋಣೆಯ ನಟ್ಟನಡುವೆ ನೈಲಾನ್ ದಾರದಲ್ಲಿ ತೂಗಿಬಿಟ್ಟಿದ್ದ ಪ್ಲಾಸ್ಟಿಕ್ ವಿಮಾನದ ರೆಕ್ಕೆಗೂ ಬಾಲಕ್ಕೂ ಮಧ್ಯೆ ಹೋಗಿ ಸಂಸಾರ ಹೂಡಿತ್ತು.

ಅದು ಹಿಂದಿನ ಮಹಾಯುದ್ಧದ ಬಾಂಬರ್ ವಿಮಾನದ ಮಾದರಿ. ಮೊಳದುದ್ದದ ರೆಕ್ಕೆ, ನಾಲ್ಕು ಎಂಜಿನ್ನು, ಮೂಗಿನಲ್ಲಿ, ಬೆನ್ನಿನಲ್ಲಿ, ಬಾಲದಲ್ಲಿ ಸೂಜಿಯಂಥ ಬಂದೂಕುಗಳು. ಡಾಕ್ಟರ ಮಾವನವರು ಒಂದು ವರ್ಷ ಕೂತು, ತುಂಡು ತುಂಡು ಅಂಟಿಸಿ, ಬಣ್ಣ ಬಳಿದು, ಕ್ಲಿನಿಕ್ಕು ತೆರೆದ ದಿನ ಅಳಿಯನಿಗೆ ಉಡುಗೊರೆಯಾಗಿ ಕೊಟ್ಟದ್ದು. ಹದಿನಾಲ್ಕು ವರ್ಷದಿಂದ ಅದು ಊದಿದ ಕೆನ್ನೆಗಳ ಮೇಲೆ ಹಾರುತ್ತಲೇ ಇತ್ತು. ಅದರ ಕೆಳಗೆ ಹಾದುಹೋಗುವಾಗ ಡಾಕ್ಟರು ತಲೆ ತಗ್ಗಿಸಿ ಮೌನವಾಗುತ್ತಿದ್ದರು. ಅದು ಮಾವನ ಮೇಲಿನ ಗೌರವ ಎಂದು ಕಾಂಪೌಂಡರ್ ತಿಳಿದುಕೊಂಡಿದ್ದ. ಅವನು ಅಲ್ಲಿಯವರೆಗೆ ತಿಳಿದುಕೊಂಡಿದ್ದ ಬಹಳಷ್ಟು ಸಂಗತಿಗಳು ಹೀಗೆಯೇ ಇದ್ದವು.

ಆ ದಿನ ಡಾಕ್ಟರನ್ನು ಮೆಚ್ಚಿಸುವ ಅಗತ್ಯ ಅವನಿಗಿತ್ತು. ಭಾನುವಾರ ರೋಗಿಗಳಿಗೆ ರಜೆ, ಕಾಂಪೌಂಡರ್‌ಗಲ್ಲ. ಇಕ್ಕಳ, ಕನ್ನಡಿ, ಸೂಜಿಗಳನ್ನೆಲ್ಲ ಕುದಿಸಿ, ನೆಲ ಒರೆಸುವ ದಿನ ಅದು. ಮಗಳ ಊರು ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಮೊಮ್ಮಗಳಿಗೆ ಎಂಟು ತಿಂಗಳಾಗಿತ್ತು. ಅವನು ನೋಡಿದ್ದು ಎರಡೇ ಸಲ. ಎರಡನೆಯ ಸಲ ಆ ಮಗು ಅವನನ್ನು ಕಂಡು, ಹಲ್ಲು ಕೀಳಲು ಬಂದವನೇ ಇರಬೇಕು ಎಂಬಂತೆ ಕಿರುಚಿ ಅಮ್ಮನ ಕುತ್ತಿಗೆ ಹಿಡಿದಿತ್ತು. ಆವತ್ತೇ ನಿಶ್ಚಯಿಸಿದ್ದ, ಭಾನುವಾರ ರಜೆ ಕೇಳಬೇಕು ಎಂದು. ಕೇಳಲು ಮೂರು ತಿಂಗಳು ಬೇಕಾಯಿತು. ಕೊನೆಗೂ ಹಿಂದಿನ ದಿನ ಕೇಳಿದಾಗ ಡಾಕ್ಟರು, "ನಾಳೆ ಊರಿಂದ ವಾಪಸ್ ಬಂದು ಹೇಳ್ತೀನಪ್ಪ" ಎಂದು ಹೋಗಿದ್ದರು. ಕ್ಲಿನಿಕ್ಕು ಫಳಫಳ ಹೊಳೆಯುವಂತೆ ಇಟ್ಟರೆ ಹೂಂ ಅಂದಾರು ಎಂಬ ಆಸೆಯಿಂದ ಅವನು ಬೆಳಿಗ್ಗೆಯೇ ಉದ್ದ ಕೋಲಿನ ಪೊರಕೆ ಹಿಡಿದ.

ಹತ್ತು ಗಂಟೆಗೇ ದರ್ಜಿ ಬಂದು ಒಂದನೇ ನಂಬರಿನ ಕುರ್ಚಿ ಹಿಡಿದಿದ್ದ. ಗಲ್ಲಕ್ಕೆ ಕರವಸ್ತ್ರ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡಿದ್ದ. ಪಕ್ಕದಲ್ಲಿ ರಿಟೈರಾದ ಟೀಚರಮ್ಮ, ನಂಬರ್ ಎರಡು.

"ಡಾಕ್ಟ್ರು ಬರೋದು ನಾಲ್ಕಕ್ಕೆ. ಮನೆಗೆ ಹೋಗಿ ಮಲಗಿ ಬನ್ನಿ" ಎಂದ ಕಾಂಪೌಂಡರ್.

"ನಾನು ಎದ್ರೆ ಟೀಚರಮ್ಮ ಈ ಕುರ್ಚೀಲಿ ಕೂತ್ಬಿಡ್ತಾರೆ" ಎಂದ ದರ್ಜಿ.

"ನಿಂದು ಬರೀ ಊತ ಕಣಪ್ಪ. ನಂದು ಹಲ್ಲಿನ ಬೇರು" ಎಂದರು ಟೀಚರಮ್ಮ.

ಕಾಂಪೌಂಡರ್ ಕೋಲೆತ್ತಿದ. ದರ್ಜಿ "ಎಡಕ್ಕೆ" ಅಂದ, ಟೀಚರಮ್ಮ "ಬಲಕ್ಕೆ" ಅಂದರು. ಇಬ್ಬರನ್ನೂ ನೋಯಿಸಬಾರದೆಂದು ಅವನು ನಡುವೆ ಬೀಸಿದ. ಬಲೆ ಬಂತು. ಅದರ ಹಿಂದೆ ವಿಮಾನವೂ ಬಂತು.

ಬಂದು ಬಿದ್ದದ್ದು ದರ್ಜಿಯ ತೊಡೆಯ ಮೇಲೆ, ಒಂದು ಕಡ್ಡಿಯೂ ಮುರಿಯದೆ. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ದರ್ಜಿ ಮೈಮೇಲೆ ಹಾವು ಬಿದ್ದವನಂತೆ ಚಂಗನೆ ಎದ್ದು ನಿಂತ. ವಿಮಾನ ನೆಲಕ್ಕೆ ಜಾರಿತು. ಅದನ್ನು ಉಳಿಸಲೆಂದು ಕಾಂಪೌಂಡರ್ ಮುಂದಕ್ಕೆ ಹಾರಿದ. ಕೈಗಿಂತ ಮೊದಲು ಕಾಲು ತಲುಪಿತು. ಇಂಥ ವಿಮಾನ ಬೀಳಿಸಲು ಯುದ್ಧದಲ್ಲಿ ಫಿರಂಗಿಗಳನ್ನೇ ನಿಲ್ಲಿಸುತ್ತಿದ್ದರಂತೆ. ಇಲ್ಲಿ ಒಂದು ಜೇಡ, ಒಬ್ಬ ದರ್ಜಿ, ಒಂದು ಚಪ್ಪಲಿ ಸಾಕಾಯಿತು.

"ರಜೆ ಹೋಯ್ತು" ಎಂದ ಕಾಂಪೌಂಡರ್, ಪುಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು.

"ರಜೆ ಅಲ್ಲ, ಕೆಲಸಾನೇ ಹೋಗುತ್ತೆ" ಎಂದು ದರ್ಜಿ ಸಮಾಧಾನ ಹೇಳಿದ.

"ಅಳಬೇಡಿ. ಪಕ್ಕದ ಆಟಿಕೆ ಅಂಗಡಿ ಕಪಾಟಿನಲ್ಲಿ ಇಂಥದ್ದೇ ಒಂದು ಡಬ್ಬ ಬಿಸಿಲಿಗೆ ಬೆಳ್ಳಗಾಗ್ತಾ ಕೂತಿದೆ. ಹೋಗಿ ತನ್ನಿ" ಎಂದರು ಟೀಚರಮ್ಮ.

ಆಟಿಕೆ ಅಂಗಡಿಯವನು ಡಬ್ಬದ ಧೂಳು ಊದಿ ಕೇಳಿದ: "ಯಾರಿಗೆ?"

"ನನಗೇ."

"ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಅಂತ ಬರ್ದಿದೆ."

"ನನಗೆ ಐವತ್ತಾರು."

ಅಂಗಡಿಯವನು ಅವನ ಕೈಬೆರಳುಗಳನ್ನು ನೋಡಿ, "ಸ್ವಲ್ಪ ಜಾಸ್ತೀನೇ ಮೇಲ್ಪಟ್ಟಿದ್ದೀರಿ" ಎಂದು ಬಣ್ಣದ ಪುಟ್ಟ ಡಬ್ಬಿಗಳನ್ನೂ ಒಂದು ಕುಂಚವನ್ನೂ ಕೊಟ್ಟು ಕಳಿಸಿದ.

ಡಬ್ಬ ತೆರೆದಾಗ ಒಳಗೆ ವಿಮಾನವಿರಲಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ನೂರ ಇಪ್ಪತ್ತಮೂರು ಚೂರುಗಳಿದ್ದವು, ಪ್ರತಿಯೊಂದಕ್ಕೂ ಒಂದು ನಂಬರು. ಕಾಂಪೌಂಡರ್‌ನ ಕಾಲ್ತುಳಿತದಿಂದ ಆದದ್ದು ಅರವತ್ತೇ ಚೂರು. ಕಂಪನಿಯವರು ಅವನಿಗಿಂತ ಚೆನ್ನಾಗಿ ಮುರಿದಿದ್ದರು.

ಮೂವರೂ ಒಳಕೋಣೆಗೆ ನುಗ್ಗಿದರು. ದರ್ಜಿ ಯಾರೂ ಹೇಳದೆಯೇ ರೋಗಿಯ ಕುರ್ಚಿ ಹತ್ತಿ, ದೊಡ್ಡ ದೀಪ ಎಳೆದುಕೊಂಡ. ಟೀಚರಮ್ಮ ಕನ್ನಡಕ ಏರಿಸಿ ಸೂಚನೆಯ ಹಾಳೆ ಹಿಡಿದರು. ಕಾಂಪೌಂಡರ್ ಹಲ್ಲಿಗೆ ತಂತಿ ಕಟ್ಟುವಾಗ ಬಳಸುವ ಕತ್ತರಿಯಿಂದ ಚೂರುಗಳನ್ನು ಬಿಡಿಸಿ, ಹಲ್ಲು ನಯ ಮಾಡುವ ಯಂತ್ರದಿಂದ ಅಂಚು ಉಜ್ಜಿದ. ಹದಿನಾಲ್ಕು ವರ್ಷದಲ್ಲಿ ಆ ಯಂತ್ರ ಮುಟ್ಟಲು ಸಿಕ್ಕಿದ್ದು ಅದೇ ಮೊದಲು. ಆ ಕಷ್ಟದಲ್ಲೂ ಒಂದು ಕ್ಷಣ ಡಾಕ್ಟರಾದಂತೆ ಅನ್ನಿಸಿತು. ಆ ಕ್ಷಣದಲ್ಲೇ ಒಂದು ಬಂದೂಕು ಸವೆದು ಮಾಯವಾಯಿತು.

"ಪೈಲಟ್ ಎಲ್ಲಿ?" ಎಂದರು ಟೀಚರಮ್ಮ, ಹಾಜರಿ ಕರೆದಂತೆ.

"ಈಗ ಇಲ್ಲೇ ಇದ್ದ."

ಪೈಲಟ್ ದರ್ಜಿಯ ಕರವಸ್ತ್ರದ ಮಡಿಕೆಯಲ್ಲಿ ಸಿಕ್ಕ.

ನಿಜವಾದ ತೊಂದರೆ ಗೋಂದಿನದು. ಡಬ್ಬದಲ್ಲಿದ್ದ ಗೋಂದಿನ ಟ್ಯೂಬು ಕಲ್ಲಾಗಿತ್ತು. ಕಾಂಪೌಂಡರ್ ಕಪಾಟಿನಿಂದ ಹಲ್ಲುಸೆಟ್ಟು ಮಾಡುವ ದ್ರವದ ಬಾಟಲಿ ಇಳಿಸಿದ. ಇದರಲ್ಲಿ ಮಾಡಿದ ಸೆಟ್ಟುಗಳು ವರ್ಷಗಟ್ಟಲೆ ಬಾಯಲ್ಲಿ ಅಲ್ಲಾಡದೆ ನಿಲ್ಲುತ್ತವೆ, ಈ ರೆಕ್ಕೆ ಯಾವ ಲೆಕ್ಕ ಎಂದುಕೊಂಡ. ಧಾರಾಳವಾಗಿ ಸವರಿದ. ರೆಕ್ಕೆ ಗಟ್ಟಿಯಾಗಿ ಹಿಡಿಯಿತು. ಆಮೇಲೆ ಮೆತ್ತಗಾಯಿತು. ಆಮೇಲೆ, ಅರಿವಳಿಕೆ ಚುಚ್ಚಿಸಿಕೊಂಡ ರೋಗಿಯ ತುಟಿಯಂತೆ, ನಿಧಾನವಾಗಿ ಕೆಳಕ್ಕೆ ಜೋತುಬಿತ್ತು. ನೋಡುತ್ತಿದ್ದಂತೆ ಎರಡು ಎಂಜಿನ್ನುಗಳ ನಡುವೆ ಕಡಲೆಗಾತ್ರದ ತೂತು ಬಿತ್ತು.

"ಏನು ಹಾಕಿದ್ರಿ ಅದಕ್ಕೆ?" ಎಂದ ದರ್ಜಿ.

"ಡಾಕ್ಟ್ರು ನಿಮಗೆ ಹಾಕಬೇಕು ಅಂತಿದ್ದದ್ದೇ."

ದರ್ಜಿ ಮೆಲ್ಲಗೆ ತನ್ನ ಗಲ್ಲ ಮುಟ್ಟಿಕೊಂಡ.

ರೆಕ್ಕೆಯ ಕೆಳಗೆ ಎರಡು ಹತ್ತಿ ಉಂಡೆ ಕೊಟ್ಟು ನೇರ ಮಾಡಿದ್ದಾಯಿತು. ತೂತಿಗೆ ಕಾಂಪೌಂಡರ್ ತನಗೆ ಗೊತ್ತಿದ್ದ ಒಂದೇ ಚಿಕಿತ್ಸೆ ಮಾಡಿದ. ಹುಳುಕು ಹಲ್ಲಿಗೆ ತುಂಬುವ ಸಿಮೆಂಟು ಮೆತ್ತಿ, ಅದು ಗಟ್ಟಿಯಾಗಲೆಂದು ನೀಲಿ ಬೆಳಕಿನ ಕಡ್ಡಿ ಹಿಡಿದ. ಅಭ್ಯಾಸಬಲದಿಂದ ರೆಕ್ಕೆಗೆ, "ಸ್ವಲ್ಪ ತಡ್ಕೊಳ್ಳಿ, ಆಗೋಯ್ತು" ಎಂದೂ ಹೇಳಿದ.

ಎರಡೂವರೆಗೆ ಫೋನು ಬಂತು. ಡಾಕ್ಟರು.

"ಮೂರೂವರೆಗೇ ಬರ್ತಿದ್ದೀವಿ. ಮಾವನೂ ಬರ್ತಿದ್ದಾರೆ, ಅವರದ್ದೊಂದು ಹಲ್ಲು ಅಲ್ಲಾಡ್ತಿದೆ. ವಿಮಾನದ ಧೂಳು ಒರೆಸಿಡು. ಅವರು ಮೊದಲು ನೋಡೋದೇ ಅದನ್ನ."

ಕಾಂಪೌಂಡರ್ ಫೋನು ಕೆಳಗಿಟ್ಟ. ಕಟ್ಟಿದವನೇ ಬಂದು ನೋಡುತ್ತಾನೆ ಎಂದರೆ, ಹೆತ್ತವರ ಮುಂದೆ ಮಗು ಬದಲಾಯಿಸಿ ಇಟ್ಟಂತೆ. ಆದರೂ ಬಣ್ಣದ ಡಬ್ಬಿ ತೆರೆದ. ಇನ್ನೇನು ಮಾಡಲೂ ಅವನಿಗೆ ತೋಚಲಿಲ್ಲ.

ಮೇಲ್ಭಾಗ ಹಸಿರು ಕಂದು ತೇಪೆ, ಹೊಟ್ಟೆ ಕಪ್ಪು. ತೇಪೆಗಳ ವಿಷಯದಲ್ಲಿ ಜಗಳವೇ ಹತ್ತಿತು.

"ಕೈಗೆ ಬಂದ ಹಾಗೆ ಬಳೀರಿ, ಶತ್ರುವಿಗೆ ಕಾಣಬಾರದು ಅಂತಾನೇ ಅದು" ಎಂದರು ಟೀಚರಮ್ಮ.

"ಎಲ್ಲಾದ್ರೂ ಉಂಟಾ! ರೆಕ್ಕೆ ಮೇಲಿನ ಡಿಸೈನು ಮೈ ಮೇಲಿನ ಡಿಸೈನಿಗೆ ಹೊಲಿಗೆ ಹತ್ರ ಕೂಡಬೇಕು. ಚೌಕಳಿ ಷರ್ಟಿಗೆ ತೋಳು ಇಡೋನು ನಾನು. ತನ್ನಿ ಇಲ್ಲಿ" ಎಂದು ದರ್ಜಿ ಕುಂಚ ಕಸಿದುಕೊಂಡ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಬಳಿದ. ಕಾಂಪೌಂಡರ್ ಬಳಿದದ್ದು ಹೊಟ್ಟೆ ಮಾತ್ರ, ಡಿಸೈನೇ ಬೇಡದ ಕಡೆ. ಅಲ್ಲೂ ಎರಡು ಕಡೆ ಅವನ ಹೆಬ್ಬೆಟ್ಟಿನ ಗುರುತು ಮೂಡಿತು. ಮುಂದೆ ಪೊಲೀಸರು ಬಂದರೂ ಹೆಚ್ಚು ಹುಡುಕಬೇಕಾಗಿರಲಿಲ್ಲ.

ರೆಕ್ಕೆಗೆ ಅಂಟಿಸುವ ಬಣ್ಣದ ಗುರುತುಗಳನ್ನು ಬಾಯಿ ಮುಕ್ಕಳಿಸುವ ಲೋಟದಲ್ಲಿ ನೆನೆಹಾಕಿ ಜಾರಿಸಿದರು. ಒಂದು ರೆಕ್ಕೆಗೆ ಕೂತಿತು. ಇನ್ನೊಂದು ಕಾಂಪೌಂಡರ್‌ನ ಮೊಣಕೈಗೆ ಕೂತು ಏನು ಮಾಡಿದರೂ ಏಳಲಿಲ್ಲ. ಹಲ್ಲು ಒಣಗಿಸುವ ಗಾಳಿಯ ಕೊಳವೆಯಿಂದ ಬಣ್ಣ ಅರೆಬರೆ ಒಣಗಿಸಿ, ಸ್ಟೂಲು ಹತ್ತಿ, ದಾರ ಕಟ್ಟಿ ಇಳಿಯುವಾಗ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ನಂಬರ್ ಒಂದೂ ಎರಡೂ ತಂತಮ್ಮ ಕುರ್ಚಿಗೆ ಓಡಿದವು.

ಡಾಕ್ಟರು ಮೊದಲು ಬಂದರು. ಮಾವನವರು ಕಾರಿನಿಂದ ಒಂದೊಂದೇ ಕಾಲು ಇಳಿಸುತ್ತಿದ್ದರು. ಡಾಕ್ಟರು ಎಂದಿನಂತೆ ತಲೆ ತಗ್ಗಿಸಿ ವಿಮಾನದ ಕೆಳಗೆ ಬರುವಾಗ, ಬಿಳಿ ಅಂಗಿಯ ಭುಜದ ಮೇಲೆ ಟಪ್ ಎಂದು ಒಂದು ಕಪ್ಪು ಹನಿ ಬಿತ್ತು. ಅವರು ಹನಿ ನೋಡಿದರು. ಮೇಲೆ ನೋಡಿದರು. ಕಾಂಪೌಂಡರ್‌ನನ್ನು ನೋಡಿದರು.

"ಸಾರ್, ಒಡೆದೋಯ್ತು ಸಾರ್" ಎಂದು ಅವನು ಒಂದೇ ಉಸಿರಿಗೆ ಒಪ್ಪಿಕೊಂಡ. "ನನ್ನ ಕಾಲಲ್ಲೇ ತುಳಿದೆ. ಪುಡಿಪುಡಿ ಆಯ್ತು."

"ಪುಡಿಪುಡಿ?" ಡಾಕ್ಟರು ಹತ್ತಿರ ಬಂದರು. "ಸೇರಿಸಕ್ಕೇ ಆಗದ ಹಾಗೆ?"

"ಹೂಂ ಸಾರ್."

ಡಾಕ್ಟರು ಅವನ ಎರಡೂ ಕೈ ಹಿಡಿದುಕೊಂಡರು. ಹಿಡಿದು ಕುಲುಕಿದರು.

"ಹದಿನಾಲ್ಕು ವರ್ಷ ಕಾದಿದ್ದೆ ಕಣಯ್ಯಾ ಇದಕ್ಕೆ!" ಎಂದು ಪಿಸುಗುಟ್ಟಿದರು. "ಮಾವ ತಿಂಗಳು ತಿಂಗಳೂ ಬಂದು ಇದರ ಕೆಳಗೆ ಕೂತು ಎರಡು ಗಂಟೆ ಯುದ್ಧದ ಕಥೆ. ರೋಗಿಗಳು ಹಲ್ಲುನೋವೇ ವಾಸಿ ಅಂತ ಎದ್ದು ಹೋಗ್ತಾರೆ. ನಾನೇ ಒಡೆಯೋಣ ಅಂದ್ರೆ ಹೆಂಡತಿ ಭಯ. ಈಗ ಅವರ ಕೈ ನಡುಗುತ್ತೆ, ಇನ್ನೊಂದು ಮಾಡಕ್ಕಾಗಲ್ಲ. ನೀನು ನನ್ನ ಪಾಲಿನ ದೇವರು! ಭಾನುವಾರ ರಜೆ ಕೇಳಿದ್ಯಲ್ಲ? ತಗೋ. ಶನಿವಾರಾನೂ ತಗೋ!"

ಕಾಂಪೌಂಡರ್‌ಗೆ ಮೊಮ್ಮಗಳು ತೊಡೆಯೇರಿ ಮೂಗು ಹಿಡಿದಂತೆಯೇ ಆಯಿತು. ಆಗ ಡಾಕ್ಟರು ಮತ್ತೊಮ್ಮೆ ಮೇಲೆ ನೋಡಿದರು.

"ಹಾಗಾದ್ರೆ ಇದೇನು?"

"ಹೊಸದು ಸಾರ್" ಎಂದ ಕಾಂಪೌಂಡರ್, ಅಷ್ಟು ಹೊತ್ತಿಗೆ ತುಸು ಹೆಮ್ಮೆಯೂ ಬಂದು. "ನಿಮಗೆ ಬೇಜಾರಾಗಬಾರದು ಅಂತ ನಾನೇ ಮಾಡಿದೆ."

ಡಾಕ್ಟರು ತಮ್ಮ ಕೈಗಳನ್ನು ವಾಪಸು ತೆಗೆದುಕೊಂಡರು.

"ಇಳಿಸು. ಬೇಗ ಇಳಿಸು!"

ಅವನು ಸ್ಟೂಲು ಹತ್ತಿ ದಾರಕ್ಕೆ ಕೈ ಹಾಕುವಷ್ಟರಲ್ಲಿ ಮಾವನವರು ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹುಬ್ಬಿನ ಮೇಲೆ ಕೈಯಿಟ್ಟು ನೋಡಿದರು.

"ಇದು ನಾನು ಮಾಡಿದ್ದಲ್ಲ."

ಮುದುಕರು ಹತ್ತಿರ ಬಂದು, ವಿಮಾನವನ್ನು ಕೆಳಗಿಳಿಸಿ ಹಿಡಿಯಲು ಹೇಳಿ, ಮೂಗಿನಿಂದ ಬಾಲದವರೆಗೆ ಕಣ್ಣಾಡಿಸಿದರು. ರೆಕ್ಕೆಯ ಮೇಲೆ ಬೆರಳು ನಿಂತಿತು. ಹಸಿರು ಬಣ್ಣದ ಕೆಳಗೆ ಉಬ್ಬಿಕೊಂಡಿದ್ದ ಆ ಜಾಗವನ್ನು ಉಗುರಿನಿಂದ ಕೆರೆದರು. ಬೆಳ್ಳಗೆ ಕಂಡಿತು.

"ಹಲ್ಲಿನ ಸಿಮೆಂಟು!" ಎಂದರು. ಕಣ್ಣಲ್ಲಿ ನೀರಾಡಿತು. "ಅಳಿಯಂದಿರೇ, ಇದನ್ನ ನೀವು ಮಾಡಿದ್ರಾ? ಹಲ್ಲಿನ ಡಾಕ್ಟರಲ್ಲದೆ ಇನ್ಯಾರು ಮಾಡ್ತಾರೆ ಇದನ್ನ? ನಿಮಗೆ ನನ್ನ ವಿಮಾನ ಕಂಡ್ರೆ ಆಗಲ್ಲ ಅಂತ ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ನಲ್ಲ ನಾನು!"

ಡಾಕ್ಟರು ಬಾಯಿ ತೆರೆದರು. ಅವರ ರೋಗಿಗಳು ತೆರೆದಂತೆಯೇ ತೆರೆದರು. ಕೊನೆಗೆ, "ಹೌದು ಮಾವ. ನಿಮ್ಮದು ಹಾಳಾಗಬಾರದು ಅಂತ ತೆಗೆದಿಟ್ಟು..." ಎಂದರು.

"ಕೇಳಿ ಇಲ್ಲಿ. ಮನೇಲಿ ಒಂಬತ್ತು ಡಬ್ಬ ಹಾಗೇ ಇವೆ, ತೆರೆದಿಲ್ಲ. ನನ್ನ ಕೈ ನಡುಗುತ್ತೆ, ಯಾರಿಗೆ ಕೊಡ್ಲಿ ಅಂತಿದ್ದೆ. ಪ್ರತಿ ಭಾನುವಾರ ತರ್ತೀನಿ. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ, ನೀವು ಮಾಡಿ. ಆತುರ ಬೇಡ. ಡಬ್ಬಕ್ಕೊಂದು ವರ್ಷ."

ಡಾಕ್ಟರು ಗೋಡೆ ಹಿಡಿದು ನಿಂತರು. ಮೆಲ್ಲಗೆ ತಿರುಗಿ ಕಾಂಪೌಂಡರ್‌ನನ್ನು ನೋಡಿದರು. ಆ ನೋಟ ಅವನಿಗೆ ಗೊತ್ತಿತ್ತು. ಕೀಳಬೇಕಾದ ಹಲ್ಲು ಯಾವುದೆಂದು ನಿರ್ಧಾರವಾದಾಗ ಡಾಕ್ಟರು ಹಾಗೆ ನೋಡುತ್ತಿದ್ದರು.

"ಆಗ್ಲಿ ಮಾವ. ಆದ್ರೆ ಕಾಂಪೌಂಡರ್ ಪಕ್ಕದಲ್ಲಿ ಇಲ್ದಿದ್ರೆ ನನಗೆ ಕೈಯೇ ಓಡಲ್ಲ. ಅವನೂ ಇರ್ತಾನೆ. ಪ್ರತಿ ಭಾನುವಾರ."

"ತುಂಬ ಒಳ್ಳೇದು" ಎಂದು ಮುದುಕರು ಒಂದನೇ ನಂಬರಿನ ಪಕ್ಕದಲ್ಲಿ ಕೂತು, ಆ ಯುದ್ಧ ಹೇಗೆ ಶುರುವಾಯಿತೆಂದು ದರ್ಜಿಗೆ ಹೇಳತೊಡಗಿದರು.

ಕಾಂಪೌಂಡರ್ ಪೊರಕೆ ಹಿಡಿದು ಒಳಕೋಣೆಗೆ ಹೋಗಿ ಪ್ಲಾಸ್ಟಿಕ್ ಕಡ್ಡಿಗಳನ್ನು ಗುಡಿಸಿದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಡಾಕ್ಟರು ಹೇಳದೆ ತಾನಾಗಿ ಕೈಗೆತ್ತಿಕೊಂಡು, ಹೊತ್ತಿಗೆ ಸರಿಯಾಗಿ ಮುಗಿಸಿದ ಕೆಲಸ ಅವನಿಗೆ ನೆನಪಿದ್ದಂತೆ ಈ ವಿಮಾನವೊಂದೇ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಏನಂದ್ರು? ಮಗಳು ಆಗ್ಲೇ ಎರಡು ಸಲ ಕೇಳಿದ್ಲು. ರಜೆ ಸಿಕ್ತಾ ಇಲ್ವಾ?"

"ಸಿಕ್ಕಿತ್ತು ಕಣೇ" ಎಂದ ಕಾಂಪೌಂಡರ್. "ಒಂದಲ್ಲ, ಎರಡು ದಿನ ಸಿಕ್ಕಿತ್ತು. ಪೂರ್ತಿ ಒಂದು ನಿಮಿಷ ನನ್ನ ಹತ್ರಾನೇ ಇತ್ತು."