ಕಲೆಯೋ ಕಳೆಯೋ

ಕೆಲವರಿಗೆ ಎದುರಿನವರ ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸೊಪ್ಪು ಕಂಡರೆ ಹೇಳದೆ ಇರಲಾಗುವುದಿಲ್ಲ. ನನಗೆ ಎದುರಿನವರ ಕಾಗುಣಿತದಲ್ಲಿ ಹಾಗಾಗುತ್ತದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿದವನ ಕೈಗೆ ಅಂಟಿದ ರೋಗ ಇದು. ಮದುವೆಯಾದ ಹೊಸತರಲ್ಲಿ ಹೆಂಡತಿ ತವರಿನಿಂದ ಬರೆದ ಮೊದಲ ಪ್ರೇಮಪತ್ರವನ್ನು ತಿದ್ದಿ, ಹತ್ತಕ್ಕೆ ಆರು ಅಂಕ ಕೊಟ್ಟು ಮರುಟಪಾಲಿನಲ್ಲಿ ಕಳಿಸಿದ್ದೆ. ಉತ್ತಮ ಅಂಕವೇ. ಆದರೂ ಅವಳು ಎರಡನೆಯ ಪತ್ರ ಬರೆಯಲಿಲ್ಲ.

ಊರಿಗೆ ಸೈಬರ್ ಅಂಗಡಿ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರುಭಕ್ತಿಯಿಂದ ನನಗೊಂದು ಇಮೇಲ್ ಮಾಡಿಕೊಟ್ಟ. ಅಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕಿತ್ತು. ಕನ್ನಡದ ಮಾನ ಕಾಯಲು ನಾನೇ ಕೆಲವು ನಿಯಮ ಮಾಡಿಕೊಂಡೆ. ಸಣ್ಣ ಎಲ್ ಬರೆದರೆ ಲ, ದೊಡ್ಡ ಎಲ್ ಬರೆದರೆ ಳ. ದೀರ್ಘಕ್ಕೆ ಅಕ್ಷರದ ಪಕ್ಕ ಒಂದು ಗೀಟು, ಮಹಾಪ್ರಾಣಕ್ಕೆ ಒಂದು ಚುಕ್ಕೆ, ಅನುಸ್ವಾರಕ್ಕೆ ಒಂದು ಸೊನ್ನೆ. ಈ ನಿಯಮಗಳನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಜಗತ್ತು ಅವನ್ನು ಪಾಲಿಸುತ್ತಿದೆ ಎಂದು ನಂಬಿದ್ದೆ.

ಆ ವರ್ಷ ಹೇರೂರಿನಲ್ಲಿರುವ ನನ್ನ ತಂಗಿ ಸಾವಿತ್ರಿ ಮಗಳು ಸುಮನಾಳಿಗೆ ಗಂಡು ನೋಡುತ್ತಿದ್ದಳು. ನಂದೊಳ್ಳಿಯ ಹುಡುಗನೊಬ್ಬ, ಹಾವೇರಿ ಕಡೆ ದನದ ಡಾಕ್ಟರ್, ಫೋಟೋ ಇಮೇಲ್ ಮಾಡಿ ಎಂದಿದ್ದ. ನಮ್ಮ ಬಳಗದಲ್ಲಿ ಇಮೇಲ್ ಇದ್ದದ್ದು ನನಗೊಬ್ಬನಿಗೇ. ಫೋಟೋ ಸ್ಕ್ಯಾನ್ ಮಾಡಿಸಿ ಕಳಿಸಿದೆ. ನಾಲ್ಕನೆಯ ದಿನ ಉತ್ತರ ಬಂತು. ಮೊದಲಿಲ್ಲ, ಕೊನೆಯಿಲ್ಲ, ಒಂದೇ ಸಾಲು:

photo nodide mukhadalli kale ide nanage oppige illa andre nimma hudugi helali

ಸಣ್ಣ ಎಲ್. ಅಂದರೆ ಲ. ಮುಖದಲ್ಲಿ ಕಲೆ ಇದೆ, ನನಗೆ ಒಪ್ಪಿಗೆ ಇಲ್ಲ.

ನನಗೆ ಕುರ್ಚಿ ಕುಸಿದಂತಾಯಿತು. ಸುಮನಾಳ ಗದ್ದದ ಮೇಲೆ ಒಂದು ಗೆರೆ ಇರುವುದು ನಿಜ. ಅವಳು ನಾಲ್ಕು ವರ್ಷದವಳಿದ್ದಾಗ ನನ್ನ ಸೈಕಲ್ಲಿನಿಂದ ಬಿದ್ದು ಆದದ್ದು. ಸೈಕಲ್ ಹೊಡೆಯುತ್ತಿದ್ದವನು ನಾನು. ದಾರಿ ಬದಿಯ ಬೋರ್ಡಿನಲ್ಲಿ ‘ನಿಧಾನ’ದ ಧಕಾರಕ್ಕೆ ಹೊಟ್ಟೆ ಸೀಳಿದ್ದಾರೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದೆ. ಈಗ ಅದೇ ಗೆರೆಗೆ ಸಂಬಂಧ ತಪ್ಪಬೇಕೇ? ಸಾಲದ್ದಕ್ಕೆ ‘ಅಂದ್ರೆ ನಿಮ್ಮ ಹುಡುಗಿ ಹೇಳಲಿ’ ಅಂತೆ. ಅಲ್ಲೂ ಎಲ್ ಸಣ್ಣದೇ, ಆದರೆ ಲ ಎಂದು ಓದಿದರೆ ಅಸಭ್ಯವಾಗುತ್ತದೆಂದು ನಾನೇ ಳ ಮಾಡಿಕೊಂಡೆ. ಏನು ಹೇಳಬೇಕು ಅವಳು? ಗೆರೆ ಹೇಗಾಯಿತು ಅಂತಲೇ?

ಅಲ್ಲೇ ಕೂತು, ಒಂದೇ ಬೆರಳಿನಲ್ಲಿ ಎರಡು ತಾಸು ಕುಟ್ಟಿ ಉತ್ತರ ಬರೆದೆ. ‘ಮಾನ್ಯರೇ, ಹುಡುಗಿಯ ಮುಖ ನೋಡುವ ಮೊದಲು ತಮ್ಮ ವಾಕ್ಯದ ಮುಖ ನೋಡಿಕೊಳ್ಳಿ. ಪೂರ್ಣವಿರಾಮವಿಲ್ಲ, ಅಲ್ಪವಿರಾಮವಿಲ್ಲ. ದನಗಳಿಗೆ ಮಾತು ಬಾರದ್ದು ತಮ್ಮ ಪುಣ್ಯ.’ ಹೀಗೆ ಹದಿನಾಲ್ಕು ಸಾಲು. ನಿಯಮ ಒಂದೂ ತಪ್ಪದಂತೆ ಬರೆದು ಕಳಿಸಿದೆ. ಅವನ ಪತ್ರದ ಪ್ರತಿ ತೆಗೆಸಿಕೊಂಡು ಹೇರೂರಿನ ಬಸ್ಸು ಹತ್ತಿದೆ.

ಸಾವಿತ್ರಿ ಸುದ್ದಿ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಆ ಸೈಕಲ್ಲು ಮಾರು ಹೇಳಿ ಅವಾಗಲೇ ಹೇಳಿದ್ದೆ, ಅಣ್ಣಯ್ಯ” ಎಂದಳು. ಸುಮನಾ ಮಾತ್ರ ಕಾಗದ ಇಸಿದುಕೊಂಡು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಕೆನ್ನೆ ಕೆಂಪಾಯಿತು.

“ಮಾವ, ಇದು ಕಲೆ ಅಲ್ಲ, ಕಳೆ. ‘ಮುಖದಲ್ಲಿ ಕಳೆ ಇದೆ, ನನಗೆ ಒಪ್ಪಿಗೆ.’ ಅಲ್ಲಿಗೆ ನಿಲ್ಸವು. ಆಮೇಲೆ, ‘ಇಲ್ಲ ಅಂದ್ರೆ ನಿಮ್ಮ ಹುಡುಗಿ ಹೇಳಲಿ.’ ನಂಗೆ ಬ್ಯಾಡ ಅಂದ್ರೆ ನಾನೇ ಬಾಯ್ಬಿಟ್ಟು ಹೇಳವಡ.”

“ಸಣ್ಣ ಎಲ್ ಅಲ್ಲವೇನೇ?”

“ಎಲ್ಲರೂ ಹಿಂಗೇ ಬರೀತ ಮಾವ. ಆ ಫೋಟೋದಲ್ಲಿ ಗೆರೆ ಕಾಣ್ತೇ ಇಲ್ಲೆ.” ಕಾಗದ ಮಡಿಸುತ್ತ ಮೆಲ್ಲಗೆ ಹೇಳಿದಳು, “ಆನು ಬ್ಯಾಡ ಹೇಳ್ತ್ನಿಲ್ಲೆ.”

ಸಾವಿತ್ರಿ ಅಳು ನಿಲ್ಲಿಸಿ ಸಕ್ಕರೆ ಡಬ್ಬಿ ಹುಡುಕಲು ಹೋದಳು. ನನ್ನ ಬಾಯಿಗೆ ಸಕ್ಕರೆ ಹಾಕಿದಾಗ ಅದು ಬೇವಿನಷ್ಟು ಕಹಿಯಾಗಿತ್ತು. ಹದಿನಾಲ್ಕು ಸಾಲಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಹುಡುಗ ಊರಿಗೆ ಬರುತ್ತಾನೆಂದು ತಿಳಿದು ಸಿರಸಿ, ಯಲ್ಲಾಪುರ ದಾಟಿ ನಂದೊಳ್ಳಿಗೆ ಹೋದೆ. ಮೂರು ಬಸ್ಸುಗಳಲ್ಲೂ ಕ್ಷಮೆ ಕೇಳುವ ವಾಕ್ಯವನ್ನೇ ಕಟ್ಟುತ್ತಿದ್ದೆ. ಕರ್ತೃಪದ ಇಲ್ಲದೆ ತಪ್ಪೊಪ್ಪಿಕೊಳ್ಳುವ ದಾರಿ ವ್ಯಾಕರಣದಲ್ಲಿ ಇದೆಯೇ ಎಂದು ಹುಡುಕಿದೆ. ಇದೆ, ಕರ್ಮಣಿ ಪ್ರಯೋಗ. ‘ನನ್ನಿಂದ ಪತ್ರವು ಬರೆಯಲ್ಪಟ್ಟಿತು’ ಎಂದು ಬಾಯಿಪಾಠ ಮಾಡಿಕೊಂಡೆ.

ಜಗುಲಿಯಲ್ಲಿ ಹುಡುಗನ ಅಪ್ಪ ಎದ್ದು ನಿಂತರು. “ಬನ್ನಿ ಮಾಸ್ತರೆ, ಬನ್ನಿ. ನಿಮ್ಮ ಪತ್ರ ಆಗಲೇ ಬಂಜು.”

ನನ್ನ ಕಾಲು ಮೆಟ್ಟಿಲ ಮೇಲೆಯೇ ನಿಂತಿತು.

“ನನ್ನಿಂದ ಪತ್ರವು...” ಎಂದು ಶುರುಮಾಡಿದೆ.

ಅಷ್ಟರಲ್ಲಿ ಹುಡುಗ ಒಳಗಿನಿಂದ ಬಂದು ಕಾಲಿಗೆರಗಿದ. ಸಂಭಾವಿತ, ಮುಖ ತುಂಬ ನಗು. “ನಂಗೆ ಪೂರ್ತಿ ಅರ್ಥ ಆಜಿಲ್ಲೆ. ಗೀಟು, ಚುಕ್ಕೆ, ಸೊನ್ನೆ ನೋಡಿ ಸಂಸ್ಕೃತವೇ ಸೈ ಅಂದ್ಕಂಡೆ. ಹದಿನಾಲ್ಕು ಸಾಲಿನ ಆಶೀರ್ವಾದ ಕಳ್ಸಿದ್ದ ಹೇಳಿ ಅಪ್ಪಯ್ಯಂಗೆ ಹೇಳ್ದೆ” ಎಂದ.

ಅಪ್ಪ ದೇವರ ಗೂಡಿನಿಂದ ನನ್ನ ಪತ್ರದ ಪ್ರತಿ ತಂದರು. ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. “ಇವನ ಅಜ್ಜಿಗೂ ಕೇಳವು ಹೇಳಿ ಆಸೆಯಡ. ನೀವೇ ಒಂದ್ಸಲ ಓದಿ, ಅರ್ಥ ಹೇಳಿ” ಎಂದು ಕೈಗಿತ್ತರು. ಅಜ್ಜಿ ಕೈಮುಗಿದುಕೊಂಡು ಬಂದು ಕುಳಿತಳು.

ನಾನು ಕನ್ನಡಕ ಏರಿಸಿದೆ. ಗಂಟಲು ಸರಿಮಾಡಿಕೊಂಡು, ರಾಗವಾಗಿ, ನೂರು ಕಾಲ ಸುಖವಾಗಿ ಬಾಳಿ, ಹಾಲಿನಲ್ಲಿ ಜೇನು ಬೆರೆತಂತೆ ಇರಿ, ನಿಮ್ಮ ಕೈ ಸೋಕಿದ ದನಗಳೆಲ್ಲ ಎದ್ದು ನಿಲ್ಲಲಿ ಎಂದು ಓದುತ್ತ ಹೋದೆ. ಅಜ್ಜಿ ಕಣ್ಣೊರೆಸಿಕೊಂಡಳು. ಆ ದಿನ ನಾನು ಓದಿದ್ದರಲ್ಲಿ ಕಾಗದದ ಮೇಲೆ ನಿಜವಾಗಿ ಇದ್ದದ್ದು ಕೊನೆಯ ನನ್ನ ಹೆಸರೊಂದೇ.